ಒಂದನೆಯ ನಂಬರಿನ ಕೀಸುಳಿ: ಪಾಠನಿರ್ಣಯ ಹಾಗೂ ಪ್ರಕ್ಷಿಪ್ತ ವಿಚಾರ

ಮರದ ಮೈಯನ್ನು ತೆಳುವಾಗಿ ಹೆರೆದು ನಯಗೊಳಿಸುವ ಸಾಧನಕ್ಕೆ ಕೀಸುಳಿಯೆಂದೂ ಕೆಲವೆಡೆ ಹತ್ತರಿಯೆಂದೂ ಹೆಸರುಂಟು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿಯು 1869ರಲ್ಲಿ ಲಿಯೊನಾರ್ಡ್ ಬೈಲಿಯ ಕೀಸುಳಿ ವ್ಯಾಪಾರವನ್ನು ಕೊಂಡು, 1943ರವರೆಗೂ ಮಾರಿದ ‘ಒಂದನೆಯ ನಂಬರಿನ’ ಕೀಸುಳಿಯಾದರೋ ಬಡಗಿಗಳ ಕೈಗಿಂತ ವಿದ್ವಾಂಸರ ಬಾಯಲ್ಲೇ ಹೆಚ್ಚು ಸವೆದಿದೆ. ಅದರ ಉದ್ದ ಐದೂವರೆ ಇಂಚು, ಅಲಗಿನ ಅಗಲ ಒಂದೂಕಾಲು ಇಂಚು. ಬೀಟೆ ಜಾತಿಯ ಮರದಲ್ಲಿ ಕಡೆದ ಹಿಡಿಯಲ್ಲಿ ವಯಸ್ಕನ ಎರಡು ಬೆರಳು ಹೇಗೋ ನೆಲೆಸಿದರೆ ಉಳಿದವು ಹೊರಗೆ ನಿಂತು ಕಾಯಬೇಕು.

ಇಷ್ಟು ಕಿರಿದಾದುದು ಯಾರಿಗಾಗಿ ಎಂಬಲ್ಲಿ ಮತಭೇದವಿದೆ. ಮಕ್ಕಳಿಗಾಗಿ ಎಂಬುದು ಶಿಶುವಾದ. ಊರೂರು ತಿರುಗುವ ಮಾರಾಟಗಾರನು ಚೀಲದಲ್ಲಿ ಒಯ್ಯುವ ನಮೂನೆ ಎಂಬುದು ನಮೂನಾವಾದ. ಮಾರಾಟಗಾರನ ಮಕ್ಕಳಿಗಾಗಿ ಎಂಬ ಸಮನ್ವಯವಾದವೊಂದು ಹುಟ್ಟುವುದಷ್ಟೇ ಬಾಕಿ. ಕಂಪನಿಯ ಬೆಲೆಪಟ್ಟಿಯು ಇದನ್ನು ನಯಗೆಲಸದ ಕೀಸುಳಿಗಳ ಸಾಲಿನಲ್ಲಿಯೇ ಇರಿಸಿದೆಯಾದರೂ, ಇಷ್ಟೊಂದು ಸುಲಭವಾಗಿ ಸಿಗುವ ಆಧಾರವನ್ನು ಒಪ್ಪುವುದು ಸಂಶೋಧನೆಯ ಘನತೆಗೆ ತಕ್ಕುದಲ್ಲ.

ವಸ್ತುವು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಇದಕ್ಕಿಂತ ಗಹನವಾದುದು. ಇದರ ದೊಡ್ಡ ಸೋದರರು ತಮ್ಮ ನಂಬರನ್ನು ಕಬ್ಬಿಣದ ಮೈಮೇಲೆ ಎರಕದಲ್ಲಿ ಹೊತ್ತಿರುವುದುಂಟು. ಒಂದನೆಯದು ಎಂದೂ ಹೊತ್ತದ್ದಿಲ್ಲ. ಆದ್ದರಿಂದ ಶಾಸನವು ಇಲ್ಲದಿರುವುದೇ ಇಲ್ಲಿ ಶಾಸನಾಧಾರವಾಗಿ, ‘1’ ಎಂದು ಸ್ಪಷ್ಟವಾಗಿ ಕೆತ್ತಿರುವ ಪ್ರತಿಯು ಆ ಸ್ಪಷ್ಟತೆಯಿಂದಲೇ ಕೂಟವೆಂದು, ಅಂದರೆ ಖೋಟಾ ಎಂದು, ನಿರ್ಣಯವಾಗುತ್ತದೆ. ಅಲಗನ್ನು ಎಡಕ್ಕೂ ಬಲಕ್ಕೂ ಓರೆಮಾಡುವ ಸಣ್ಣ ಸನ್ನೆಯು ಸೋದರರಿಗೆ ಕಾಲಾಂತರದಲ್ಲಿ ದೊರೆಯಿತು, ಇದಕ್ಕೆ ದೊರೆಯಲಿಲ್ಲ. ಎಲ್ಲಿಯಾದರೂ ಕಂಡರೆ ಅದು ಪ್ರಕ್ಷಿಪ್ತ, ಎಂದರೆ ಮೂಲಕೃತಿಯಲ್ಲಿ ಇಲ್ಲದೆ ಅನ್ಯರು ತುರುಕಿದ ಭಾಗ. ಹಿಡಿ ಒಂದು ಕೀಸುಳಿಯದು, ತಿರುಪು ಇನ್ನೊಂದರದು ಆಗಿರುವ ಸಂಕರಪ್ರತಿಗಳಲ್ಲಿ ಮೂಲಕರ್ತೃವಿಗಿಂತ ಗುಜರಿಯವನ ಪಾಲೇ ಹಿರಿದು.

ಸಂಗ್ರಾಹಕರು ಇದಕ್ಕೆ ಕೊಡುವ ಬೆಲೆಯು, ದಿನವಿಡೀ ದುಡಿಯಬಲ್ಲ ಅದರ ನಾಲ್ಕನೆಯ ಸೋದರನ ಬೆಲೆಗಿಂತ ಹಲವು ಪಟ್ಟು ಹೆಚ್ಚು. ಅಲಗು ಸವೆದಿದ್ದರೆ, ಹಿಡಿ ಸೀಳಿದ್ದರೆ ಬೆಲೆ ಇಳಿಯುತ್ತದೆ. ಹೀಗಾಗಿ, ಯಾವುದೋ ಪೆಟ್ಟಿಗೆಯ ಅಂಚಿನಿಂದ ನಾಲ್ಕು ಸುರುಳಿ ಸಿಪ್ಪೆ ತೆಗೆದ ಅಜ್ಞಾತ ಬಡಗಿಯನ್ನು ಈ ಕೃತಿಯ ಮೊದಲ ಪಾಠಭಂಜಕನೆಂದು ಪರಿಗಣಿಸುವುದು ಶಾಸ್ತ್ರಸಮ್ಮತವಾಗಿದೆ.