ನಿಘಂಟುಕಾರ ನೋಹ್ ವೆಬ್‌ಸ್ಟರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ವೆಬ್‌ಸ್ಟರ್ ಅವರೇ,

ನೀವು ಕಣ್ಮುಚ್ಚಿದ್ದು 1843ರಲ್ಲಿ. ಆದರೂ ಈ ಪತ್ರ ನಿಮಗೇ ಸಲ್ಲಬೇಕು. ಇಂಗ್ಲಿಷ್ ಪದವನ್ನು ಮಗುವಿನ ಮುಂದೆ ಎಲ್ಲಿ ಒಡೆಯಬೇಕೆಂದು ನಿಮ್ಮಷ್ಟು ಯೋಚಿಸಿದವರು ಕಡಿಮೆ. ನಿಮಗಿಂತ ಹಿಂದಿನ ಡಿಲ್‌ವರ್ತ್ ಅವರ ಕಾಗುಣಿತ ಪುಸ್ತಕ ‘ಕ್ಲಸ್ಟರ್’ ಪದವನ್ನು ‘ಕ್ಲ-ಸ್ಟರ್’ ಎಂದು ಒಡೆಯುತ್ತಿತ್ತು. 1783ರ ನಿಮ್ಮ ಕಾಗುಣಿತ ಪುಸ್ತಕ ‘ಸ್ಪೆಲ್ಲರ್’ ಅದನ್ನು ‘ಕ್ಲಸ್-ಟರ್’ ಮಾಡಿತು: ಬಾಯಿ ನುಡಿದಂತೆ ಒಡೆಯಿರಿ ಎಂದಿತು. ಇದು ಸರಿ ಎಂದು ಕನ್ನಡ ಛಂದಸ್ಸು ಬಲ್ಲ ಯಾರಾದರೂ ಒಪ್ಪುತ್ತಾರೆ. ನಮ್ಮ ಲಿಪಿ ‘ಸ್ಟ’ವನ್ನು ಒಂದೇ ಒತ್ತಕ್ಷರವಾಗಿ ಬರೆದರೂ ಅದರ ಹಿಂದಿನ ಅಕ್ಷರ ಗುರುವಾಗುತ್ತದೆ, ಕಿವಿ ಆ ‘ಸ್’ ಅನ್ನು ಹಿಂದಕ್ಕೇ ಸೇರಿಸಿಕೊಂಡಿರುತ್ತದೆ.

ಆದರೆ ಜೋಡುಪದಕ್ಕೆ ಕಿವಿಯೊಂದೇ ಸಾಲದು. ನೀವು ‘ನಾಸ್-ಟ್ರಿಲ್’ ಎಂದು ಒಡೆದಿರಿ. ಹಳೆಯ ಇಂಗ್ಲಿಷಿನಲ್ಲಿ ಅದು ಮೂಗು, ತೂತು ಎಂಬ ಎರಡು ಪದ ಸೇರಿ ಆದದ್ದು. ಆ ಬೆಸುಗೆ ಎಂದೋ ಅಳಿಸಿಹೋಗಿದೆ, ಇಂದಿನ ಮಗುವಿಗೆ ಅದರಿಂದ ನಷ್ಟವಿಲ್ಲ, ಹೋಗಲಿ. ‘ಪಾಟ್‌ಹೋಲ್’ ಹಾಗಲ್ಲ. ‘ಟಿ’, ‘ಎಚ್’ ಜೊತೆಯಾದರೆ ‘ಥ’ ಎಂದು ಕಲಿತ ನಮ್ಮ ಹಳ್ಳಿ ಶಾಲೆಯ ಹುಡುಗಿ ಅದನ್ನು ‘ಪೊಥೋಲ್’ ಎಂದು ಓದುತ್ತಾಳೆ. ‘ಮಿಸ್‌ಹ್ಯಾಪ್’ ಅವಳ ಬಾಯಲ್ಲಿ ‘ಮಿಶಾಪ್’, ‘ಅಪ್‌ಹಿಲ್’ ‘ಅಫಿಲ್’. ಹೇಳಿಕೊಟ್ಟ ನಿಯಮವನ್ನು ಅವಳು ನಿಷ್ಠೆಯಿಂದಲೇ ಪಾಲಿಸಿದ್ದಾಳೆ. ಅಲ್ಲಿ ಎರಡು ಭಾಗಗಳಿವೆ ಎಂದು ಯಾರೂ ತೋರಿಸಿಲ್ಲ. ತರಗತಿ ನಕ್ಕರೆ ಅವಳು ಮತ್ತೆ ಗಟ್ಟಿಯಾಗಿ ಓದಲು ಅಂಜುತ್ತಾಳೆ. ನನಗೆ ಸಂಕಟವಾಗುವುದು ಇಲ್ಲೇ.

ಅದೇ ಹುಡುಗಿ ಕನ್ನಡ ಪಿರಿಯಡ್ಡಿನಲ್ಲಿ ‘ಮಳೆಗಾಲ’ವನ್ನು ಮಳೆ + ಕಾಲ ಎಂದು ಬಿಡಿಸಿ, ಆದೇಶ ಸಂಧಿ ಎಂದು ಹೆಸರನ್ನೂ ಬರೆಯುತ್ತಾಳೆ. ಎರಡು ಪದ ಕೂಡುವಾಗ ‘ಕ’ ‘ಗ’ ಆದೀತೆಂದು ಅವಳಿಗೆ ಗೊತ್ತು. ಹಾಗೆಯೇ ಇಂಗ್ಲಿಷಿನ ‘ಶೆಪರ್ಡ್’ನಲ್ಲಿ ಇರುವುದು ‘ಶೀಪ್’ ಮತ್ತು ‘ಹರ್ಡ್’, ಕೂಡುವಾಗ ದೀರ್ಘ ಹ್ರಸ್ವವಾಯಿತು, ‘ಹ’ ಲೋಪವಾಯಿತು ಎಂದರೆ ಅವಳು ಕಣ್ಣರಳಿಸಿ ಕೇಳುತ್ತಾಳೆ. ಈ ವಿದ್ಯೆಯನ್ನು ಬಳಸಿಕೊಳ್ಳದೆ ಪ್ರತಿ ಪದವನ್ನೂ ಬಿಡಿ ಅಕ್ಷರಗಳಾಗಿ ಬಾಯಿಪಾಠ ಮಾಡಿಸುವುದು ಅನ್ಯಾಯ.

ನಿಮ್ಮ ಪದ್ಧತಿ ಬೇಡವೆಂದಲ್ಲ, ಅದು ಎರಡನೆಯದಾಗಿ ಬರಲಿ. ಮೇಷ್ಟ್ರು ಕರಿಹಲಗೆಯ ಮೇಲೆ ಮೊದಲು ಕೂಡಿಸುವ ಚಿಹ್ನೆಯಿಟ್ಟು ‘ಅಂಡರ್ + ಸ್ಟ್ಯಾಂಡ್’ ಎಂದು ಬಿಡಿಸಲಿ. ಆಮೇಲೆ ‘ಅನ್-ಡರ್’ ಎಂದು ನಿಮ್ಮ ಅಡ್ಡಗೆರೆ ಎಳೆಯಲಿ. ‘ಪಾಟ್‌ಹೋಲ್’ಗೆ ಕೂಡಿಸುವ ಚಿಹ್ನೆಯೊಂದೇ ಸಾಕು.

ಗೌರವದಿಂದ,
ಒಬ್ಬ ಕನ್ನಡ ಓದುಗ