ಶ್ವಾನಮೋಕ್ಷ ಮೀಮಾಂಸೆ

ಪೀಠಿಕೆ
ಬಂಧ-ಮೋಕ್ಷಗಳ ಬಗ್ಗೆ ಆಚಾರ್ಯರು ಬೇಕಾದಷ್ಟು ಬರೆದಿದ್ದಾರೆ. ಆದರೆ ಬೆಲ್ಟು ಕಳಚಿಕೊಂಡು ಓಡಿದ ನಾಯಿಗೆ ಶಾಸ್ತ್ರದಲ್ಲಿ ಯಾರೂ ಜಾಗ ಕೊಟ್ಟಂತಿಲ್ಲ. ಗುರುವಿಲ್ಲದೆ, ದೀಕ್ಷೆಯಿಲ್ಲದೆ, ಗೇಟು ಗೇಣಗಲ ತೆರೆದಿದ್ದರೆ ಅಷ್ಟರಲ್ಲೇ ಮುಕ್ತಿ ಸಾಧಿಸುವ ಜೀವಿಯನ್ನು ಕಡೆಗಣಿಸಿದ್ದು ದೊಡ್ಡ ಲೋಪ. ಅದನ್ನು ತುಂಬುವ ಕಿರುಪ್ರಯತ್ನವಿದು.

ಅಧಿಕಾರಿ
ಮೋಕ್ಷಕ್ಕೆ ಹುಟ್ಟು ಅಧಿಕಾರಿಯೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ತಲೆ ನೀಳ, ಕಿರಿದು; ಕತ್ತು ತಲೆಯಷ್ಟೇ ದಪ್ಪ. ಕತ್ತಿಗೆ ಹೊಂದುವ ಪಟ್ಟಿ ತಲೆಯ ಮೇಲಿಂದ ಸಲೀಸಾಗಿ ಜಾರುತ್ತದೆ. ಈ ನಾಯಿಯನ್ನು ಒಂದೇ ಕಡೆ ನಿಲ್ಲಿಸುವಲ್ಲಿ ಗೆದ್ದದ್ದು ಅಂಚೆ ಇಲಾಖೆ ಮಾತ್ರ: 2005ರಲ್ಲಿ, ಸ್ಟಾಂಪಿನ ಮೇಲೆ, ಅದೂ ಹಿಂದೆ ಗೋಂದು ಬಳಿದು.

ಸಾಧನೆ
ಮುಖ್ಯ ಸಾಧನೆ ಹಿಮ್ಮುಖ ಯೋಗ. ಸಾಧಕ ನಡುರಸ್ತೆಯಲ್ಲಿ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಯಜಮಾನನ ಕಡೆಗೇ ತಿರುಗಿ, ಗದ್ದ ತಗ್ಗಿಸಿ, ಕಿವಿಗಳನ್ನು ಹಿಂದಕ್ಕೆ ಒರಗಿಸಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತದೆ. “ಬಾರೋ ರಾಜಾ” ಎಂದು ಯಜಮಾನ ಎಳೆದಷ್ಟೂ ಪಟ್ಟಿ ಮುಂದೆ ಬರುತ್ತದೆ. ಕಿವಿ ದಾಟಿತೋ, ಕಥೆ ಮುಗಿಯಿತು. ಬಿಡುಗಡೆಗೆ ಬೇಕಾದ ಬಲವನ್ನೆಲ್ಲ ಕಟ್ಟಿದವನೇ ಒದಗಿಸುತ್ತಾನೆಂಬುದು ಈ ಯೋಗದ ರಹಸ್ಯ.

ಪೂರ್ವಪಕ್ಷ, ಖಂಡನೆ
ಪಟ್ಟಿಗೂ ಕತ್ತಿಗೂ ನಡುವೆ ಎರಡು ಬೆರಳು ಹಿಡಿಸಬೇಕೆಂಬುದು ಒಂದು ಸೂತ್ರ. ಯಾರ ಬೆರಳೆಂದು ಸೂತ್ರಕಾರ ಹೇಳಿಲ್ಲ. ಅಂಗಡಿಯಲ್ಲಿ ಅಳೆದದ್ದು ಪೈಲ್ವಾನನಂಥ ಅಂಗಡಿಯವನ ಬೆರಳು. ಬೀದಿಯಲ್ಲಿ ಹಗ್ಗ ಹಿಡಿದದ್ದು ಮನೆಯ ಕಿರಿಮಗಳು.

ಎದೆ, ಬೆನ್ನು ಸುತ್ತುವ ಹಾರ್ನೆಸ್ ಹಾಕಿದರೆ ಚಿಂತೆಯಿಲ್ಲ ಎನ್ನುವವರು ಇನ್ನೊಂದು ಪಂಥ. ಅಸ್ಥಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಭುಜವನ್ನು ಎದೆಗೂಡಿಗೆ ಬಿಗಿಯುವ, ನಮಗಿರುವಂಥ ಮೂಳೆ ನಾಯಿಗಿಲ್ಲ. ಮುಂಗಾಲು ಸ್ನಾಯುಗಳ ಬಲದಿಂದಷ್ಟೇ ಮೈಗೆ ಅಂಟಿಕೊಂಡಿದೆ. ಭುಜ ಮುದುಡಿ, ಮೊಣಕೈ ಮಡಚಿ ಹಿಂದಕ್ಕೆ ಜಗ್ಗಿದರೆ ಸಡಿಲ ಹಾರ್ನೆಸ್ಸು ಬರೀ ಅಂಗಿ.

ಎಳೆದರೆ ಬಿಗಿದು, ಬಿಟ್ಟರೆ ಸಡಿಲಗೊಳ್ಳುವ ಮಾರ್ಟಿಂಗೇಲ್ ಪಟ್ಟಿಯೇ ಸದ್ಯ ಬಂಧಪಕ್ಷದ ಬಲವಾದ ವಾದ. ಆದರೆ ಪಟ್ಟಿಗೆ ಹಗ್ಗವೊಂದು ಬೇಕಲ್ಲ? ಪ್ರತಿವಾದಿಯ ಬಾಯಲ್ಲಿ 42 ಹಲ್ಲುಗಳಿವೆ.

ಮುಕ್ತಿಭೇದ
ಮುಕ್ತಿ ನಾಲ್ಕು ಬಗೆ. ಗೇಟು ದಾಟಿ ಬೀದಿನಾಯಿಗಳ ಲೋಕ ಸೇರುವುದು ಸಾಲೋಕ್ಯ. ಕೋಳಿ ಅಂಗಡಿಯ ಕಟ್ಟೆಯ ಬುಡದಲ್ಲಿ ಕೂರುವುದು ಸಾಮೀಪ್ಯ. ಮೋರಿಯಲ್ಲಿ ಹೊರಳಿ ಎದ್ದು, ಶಾಂಪೂ ಹಾಕಿ ತೊಳೆದವರಿಗೂ ಗುರುತು ಸಿಗದಂತಾಗುವುದು ಸಾರೂಪ್ಯ. ತಿಪ್ಪೆಯೊಳಗೆ ಕತ್ತಿನವರೆಗೆ ಹೊಕ್ಕು ತಾನು ಬೇರೆ, ತಿಪ್ಪೆ ಬೇರೆ ಎಂಬ ಭೇದ ಮರೆಯುವುದು ಸಾಯುಜ್ಯ. ದೀಪಾವಳಿಯ ಪಟಾಕಿಗೆ ಹೆದರಿ ಕಾಂಪೌಂಡು ಹಾರಿದ್ದು ಮಾತ್ರ ಮುಕ್ತಿಯಲ್ಲ, ಅದು ವಲಸೆ. ಆ ರಾತ್ರಿ ತಮಾಷೆ ಬಿಟ್ಟು ನಾಯಿಯನ್ನು ಒಳಕೋಣೆಯಲ್ಲಿ ಇಟ್ಟುಕೊಳ್ಳತಕ್ಕದ್ದು.

ಪ್ರಾಯಶ್ಚಿತ್ತ
ತಪ್ಪಿಸಿಕೊಂಡ ನಾಯಿಯನ್ನು ಅಟ್ಟಿಸಿಕೊಂಡು ಹೋಗಬಾರದು. ಅದಕ್ಕೆ ಆಟವೆನಿಸಿ ಇನ್ನಷ್ಟು ಓಡುತ್ತದೆ. ಹೆಸರು ಕೂಗುತ್ತ ತಿರುಗಿ ಮನೆಯ ಕಡೆಗೆ ಓಡಬೇಕು. ಎಷ್ಟೋ ಸಲ ನಾಯಿ ತಾನೇ ಬೆನ್ನು ಹತ್ತುತ್ತದೆ. ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಖಾಲಿ ಬೆಲ್ಟು ಹಿಡಿದು, ಸ್ವಂತ ನಾಯಿಯಿಂದ ಅಟ್ಟಿಸಿಕೊಂಡು ಓಡುವ ಯಜಮಾನನನ್ನು ಕಂಡು ಬೀದಿಯವರು ನಗುವುದು ಪ್ರಾರಬ್ಧ. ಇವರಿಬ್ಬರಲ್ಲಿ ಬದ್ಧನಾರು, ಮುಕ್ತನಾರು ಎಂಬ ಚರ್ಚೆಯನ್ನು ಎರಡನೆಯ ಸಂಪುಟಕ್ಕೆ ಬಿಡಲಾಗಿದೆ.