ಮಾನ್ಯ 43ಡಿ(5) ಅವರ ಸನ್ನಿಧಾನಕ್ಕೆ

ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಮನೆತನದ ಶ್ರೀ 43ಡಿ(5) ಉಪವಿಧಿಯವರಿಗೆ,

ನಿವೃತ್ತ ಬೆಂಚ್ ಕ್ಲರ್ಕ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮನೆ 1967ರದ್ದಾದರೂ ತಾವು ಹುಟ್ಟಿದ್ದು 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿಯ ಹೊಗೆ ಆರುವ ಮೊದಲೇ. ಅಂಥ ಹೊತ್ತಿನಲ್ಲಿ ಹುಟ್ಟಿದ ಕೂಸಿನ ಜಾತಕವನ್ನು ಯಾರು ಕೂತು ನೋಡುತ್ತಾರೆ!

ನನ್ನ ಕಾಲದಲ್ಲಿ ಜಾಮೀನು ಅರ್ಜಿ ಬಂತೆಂದರೆ ಎರಡೂ ಕಡೆಯ ವಕೀಲರು ಗಂಟಲು ಹರಿದುಕೊಳ್ಳುತ್ತಿದ್ದರು. ತಾವು ಆ ಶ್ರಮ ತಪ್ಪಿಸಿದಿರಿ. ನ್ಯಾಯಾಧೀಶರು ಪೊಲೀಸರ ಕೇಸ್ ಡೈರಿಯನ್ನೋ ಆರೋಪಪಟ್ಟಿಯನ್ನೋ ಓದಬೇಕು. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ಆ ಕಾಗದಗಳನ್ನು ಈ ಹಂತದಲ್ಲಿ ಕೆದಕಿ ತೂಗಬಾರದೆಂದು ಸುಪ್ರೀಂ ಕೋರ್ಟಿನ 2019ರ ವಟಾಲಿ ತೀರ್ಪೂ ಹೇಳಿತು. ಆರೋಪಿ ತನ್ನ ಸಾಕ್ಷಿ ತೋರಿಸುವುದು ವಿಚಾರಣೆ ನಡೆದಾಗ, ಅದು ನಡೆದರೆ. ಕುರಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮಲ್ಲೂ ಇಲ್ಲ ಬಿಡಿ.

ಬಾಂಬಿಟ್ಟವನನ್ನು ಮನೆಗೆ ಕಳಿಸಿ ಎನ್ನುವಷ್ಟು ದಡ್ಡ ನಾನಲ್ಲ. ಇಟ್ಟವನು ಇವನೇ ಹೌದೋ ಅಲ್ಲವೋ ಎಂದು ನೋಡುವುದು ಯಾವಾಗ ಎಂಬುದಷ್ಟೇ ನನ್ನ ತಕರಾರು.

ತಮ್ಮ ದೊಡ್ಡಣ್ಣ, ಭಯೋತ್ಪಾದನೆ ತಡೆ ಕಾಯ್ದೆ ಟಾಡಾ ಅವರನ್ನು ಬಲ್ಲೆ. 1995ರಲ್ಲಿ ತೀರಿಕೊಂಡರು, ಹಿಡಿದ ಕೈ ಮಾತ್ರ ಬಿಡಲಿಲ್ಲ. ವೀರಪ್ಪನ್‌ಗೆ ನೆರವಾದರೆಂದು ಸೆರೆಯಾದವರಲ್ಲಿ ಎಷ್ಟೋ ಮಂದಿ ಅದಾದ ಮೇಲೂ ಮೈಸೂರು ಜೈಲಿನಲ್ಲೇ ಇದ್ದರು. 2000ದಲ್ಲಿ ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್ ಇವರನ್ನು ಬಿಡಿ ಎಂದ. ಸರ್ಕಾರ ಹೂಂಗುಟ್ಟಿತು, ಸುಪ್ರೀಂ ಕೋರ್ಟ್ ತಡೆಯಿತು. ತಡೆದದ್ದು ಸರಿಯೇ. ಆದರೆ 2001ರಲ್ಲಿ ತೀರ್ಪು ಬಂದಾಗ ನೂರಕ್ಕೂ ಹೆಚ್ಚು ಜನ ಖುಲಾಸೆ! ಅವರ ಹೊಲದಲ್ಲಿ ಅಷ್ಟು ವರ್ಷ ಬೆಳೆದ ಕಳೆಯನ್ನು ಯಾರು ಕೀಳಬೇಕು, ಸ್ವಾಮಿ?

ಇನ್ನು ತಮ್ಮದೇ ಹಿಡಿತಕ್ಕೆ ಸಿಕ್ಕ ಸ್ಟ್ಯಾನ್ ಸ್ವಾಮಿ. ಹಿಂದೆ ಬೆಂಗಳೂರಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ಪಾದ್ರಿ. 2020ರ ಅಕ್ಟೋಬರಿನಲ್ಲಿ ರಾಂಚಿಯಲ್ಲಿ ಬಂಧನ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ ಸ್ಟ್ರಾ, ಸಿಪ್ಪರ್ ಕೇಳಿದರು. ಉತ್ತರ ಕೊಡಲು ತನಿಖಾ ಸಂಸ್ಥೆ ಎನ್‌ಐಎ 20 ದಿನ ಕಾಲಾವಕಾಶ ಕೇಳಿತು. ದೇಶದ ಭದ್ರತೆ ಒಂದು ಪ್ಲಾಸ್ಟಿಕ್ ಕೊಳವೆಯೊಳಗಿಂದ ಸೋರಿಹೋದೀತೆಂಬ ಆ ಎಚ್ಚರಕ್ಕೆ ತಲೆಬಾಗಿದ್ದೇನೆ. ಜಾಮೀನಿನ ಮೇಲ್ಮನವಿ ಹೈಕೋರ್ಟಿನಲ್ಲಿ ಬಾಕಿ ಇರುವಾಗಲೇ, 2021ರ ಜುಲೈ 5ರಂದು, 84ರ ಹರೆಯದಲ್ಲಿ, ಕಣ್ಣುಮುಚ್ಚಿ ಅವರೇ ಬಿಡುಗಡೆ ಪಡೆದರು. ವಿಚಾರಣೆ ಶುರುವೇ ಆಗಿರಲಿಲ್ಲ.

ವಿಚಾರಣೆ ಮುಗಿಯುವ ಲಕ್ಷಣವಿಲ್ಲದಿದ್ದರೆ ತಮ್ಮನ್ನು ದಾಟಿಯೂ ಜಾಮೀನು ಕೊಡಬಹುದೆಂದು ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆ ಆರೋಪಿ ಅಷ್ಟರಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ. ಅಂದರೆ ಮೊದಲು ಊಟ, ಆಮೇಲೆ ಎಲೆ.

ತಾವು ತೊಲಗಿ ಎನ್ನುವ ಧೈರ್ಯ ನನಗಿಲ್ಲ. ಒಂದೇ ಬಿನ್ನಹ: ಜಾಮೀನು ಇಲ್ಲವೆಂದು ಬರೆಯುವ ಹಾಳೆಯಲ್ಲೇ ಮೊದಲ ಸಾಕ್ಷಿಯನ್ನು ಕರೆಯುವ ತಾರೀಖನ್ನೂ ಬರೆಸಿ. ತಾರೀಖು ಹಾಕುವುದು ನನಗೆ ಅಭ್ಯಾಸವಿದೆ. ಹೇಳಿ ಕಳಿಸಿದರೆ ಪೆನ್ನು ಹಿಡಿದು ನಾನೇ ಬರುತ್ತೇನೆ.

ಇತಿ ತಮ್ಮ ವಿಧೇಯ,
ನಿವೃತ್ತ ಬೆಂಚ್ ಕ್ಲರ್ಕ್